ಕಳೆಯತಕ್ಕದ್ದು

ಅಳತೆ ಪುಸ್ತಕದಲ್ಲಿ ಒಂದು ಅಂಕಣವಿದೆ: ಕಳೆಯತಕ್ಕದ್ದು.
ಗೋಡೆ ಅಳೆದರೆ ಬಾಗಿಲು ಕಳೆಯಬೇಕು, ಕಿಟಕಿ ಕಳೆಯಬೇಕು,
ಇಲ್ಲದ ಇಟ್ಟಿಗೆಗೆ ಸರ್ಕಾರ ದುಡ್ಡು ಕೊಡುವುದಿಲ್ಲ.
ಕೊಡುತ್ತದೆ. ಅದು ಬೇರೆ ಮಾತು.
ಇಪ್ಪತ್ತೆರಡು ವರ್ಷದ ಸರ್ವಿಸ್ಸು ನನ್ನದು,
ಯಾವ ಚರಂಡಿ ಕರಗಿ ಯಾರ ಮನೆಯ ಮಾರ್ಬಲ್ಲಾಯಿತೆಂದು
ನನ್ನನ್ನು ಕೇಳಿ.

ಈ ಕಾಮಗಾರಿಯ ಲೆಕ್ಕಶೀರ್ಷಿಕೆ: ಸಾರ್ವಜನಿಕ ಸುರಕ್ಷತೆ.
ಗೊರಗುಂಟೆಪಾಳ್ಯದ ಕಡೆ, ಫ್ಲೈಓವರಿನ ಹೊಟ್ಟೆಯಡಿ,
ಹದಿನೇಳನೇ ಪಿಲ್ಲರಿನಿಂದ ಇಪ್ಪತ್ತಾರರವರೆಗೆ
ಚೂಪು ಮೇಲಾಗಿ ಸೈಜುಗಲ್ಲು ನೆಡುವುದು,
ಗೇಣಿಗೊಂದರಂತೆ.
ಎದುರಿನ ಅಪಾರ್ಟ್‌ಮೆಂಟಿನವರು ಅರ್ಜಿ ಕೊಟ್ಟಿದ್ದರು,
ರಾತ್ರಿ ವಾಕಿಂಗಿಗೆ ಭಯವಾಗುತ್ತದೆಂದು.
ಸುಳ್ಳಲ್ಲ. ಸಹಿ ಹಾಕಿದವರಲ್ಲಿ
ನನ್ನ ಹೆಂಡತಿಯ ಅಕ್ಕನೂ ಒಬ್ಬಳು;
ಅವಳ ಸರ ಹೋದದ್ದು ನಿಜ. ಬೈಕಿನಲ್ಲಿ ಬಂದವರು,
ಹೆಲ್ಮೆಟ್ ಹಾಕಿದ್ದರು.
ಪಿಲ್ಲರಿನಡಿ ಮಲಗುವವರ ಹತ್ತಿರ ಬೈಕಿಲ್ಲ.
ಅದನ್ನು ಬರೆಯಲು ಅರ್ಜಿಯಲ್ಲಿ ಜಾಗವಿರಲಿಲ್ಲ.

ಕಲ್ಲು ನೆಟ್ಟವನು ತಿಮ್ಮಭೋವಿ.
ಟೇಪಿನ ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು.
ಹಲಸಿನ ಸಿಪ್ಪೆ ಬಿಚ್ಚಿ ಹಾಸಿದಂತೆ ಕಲ್ಲು, ಕಲ್ಲು.
ಇಪ್ಪತ್ತೊಂದರ ಬುಡದಲ್ಲಿ ಟೇಪು ನೆಲ ಮುಟ್ಟಿತು.
ಅಲ್ಲಿ ಕಲ್ಲಿರಲಿಲ್ಲ.
ಆರಡಿ ಉದ್ದ, ಎರಡೂವರೆ ಅಗಲ,
ಬಾಗಿಲು ಬಿಟ್ಟಷ್ಟು ಅಚ್ಚುಕಟ್ಟು.
ಮೂಲೆಯಲ್ಲಿ ಮಡಿಸಿಟ್ಟ ಒಂದು ಫ್ಲೆಕ್ಸು:
ಪೂರ್ವ ದಿಕ್ಕಿನ ಥರ್ಟಿ ಫಾರ್ಟಿ, ಕಾವೇರಿ ನೀರು, ಸಾಲ ಸೌಲಭ್ಯವುಂಟು.

'ಏನಯ್ಯ ಇದು?'
'ಅಲ್ಲಿ ನೆಲ ಗಟ್ಟಿ ಸಾ, ಕಲ್ಲು ಕಚ್ಚಲ್ಲ.'
ಬೂಟಿನಲ್ಲಿ ಕೆರೆದೆ. ಮೆತ್ತಗಿತ್ತು.
ಅವನು ನನ್ನ ಬೂಟು ನೋಡಿದ, ನಾನು ಅವನ ಕೈ ನೋಡಿದೆ.
ಆಮೇಲೆ ಅವನೇ ಅಂದ:
'ಅಂತೋಣಿಯಮ್ಮ ಅಂತ. ಸೊಂಟ ಮುರಿದೈತೆ.
ಉಳಿದೋರು ಎದ್ದು ಎಲ್ಲಿಗೋ ಹೋದ್ರು.
ಈ ಸೇತುವೆ ಕಟ್ಟೋವಾಗ
ನಾನೂ ಇಲ್ಲೇ ರಾತ್ರಿ ಕಳೀತಿದ್ದೆ ಸಾ.'

ಕಳೀತಿದ್ದೆ.
ರಾತ್ರಿಯನ್ನೂ ಕಳೆಯುತ್ತೇವೆ, ಮೊತ್ತದಿಂದಲೂ ಕಳೆಯುತ್ತೇವೆ,
ಮೆಜೆಸ್ಟಿಕ್ಕಿನ ನೂಕಿನಲ್ಲಿ ಕೂಸನ್ನೂ ಕಳೆದುಕೊಳ್ಳುತ್ತೇವೆ,
ಇಷ್ಟಕ್ಕೆಲ್ಲ ಒಂದೇ ಮಾತು ಇಟ್ಟುಕೊಂಡಿದೆ ನಮ್ಮ ಭಾಷೆ,
ಜಿಪುಣ ಯಜಮಾನಿಯ ಹಾಗೆ.

ಹದಿನೈದು ಚದರಡಿ.
ದರಪಟ್ಟಿಯ ಪ್ರಕಾರ ಎರಡು ಸಾವಿರದ ಚಿಲ್ಲರೆ.
ನಾನು ಕಳೆಯಲಿಲ್ಲ.
'ಪೂರ್ತಿ ನೆಟ್ಟಿದೆ' ಎಂದು ಬರೆದು ರುಜು ಹಾಕಿದೆ.
ಕೋಟಿಗಟ್ಟಲೆ ಸುಳ್ಳು ಬರೆದ ಕೈ
ಮೊದಲ ಸಲ ಪರ್ಸೆಂಟೇಜಿಲ್ಲದೆ ಬರೆದ ಸುಳ್ಳು;
ಅದಕ್ಕೇ ಇರಬೇಕು, ಅಕ್ಷರ ಸೊಟ್ಟಗಾಯಿತು.

ಇಲ್ಲಿಗೆ ಮುಗಿಸಿದ್ದರೆ ನಾನು ಒಳ್ಳೆಯವನಾಗುತ್ತಿದ್ದೆ.

ಮಾರ್ಚ್ ಬಂತು. ಹಣ ಉಳಿದಿತ್ತು.
ಮಾರ್ಚಿನಲ್ಲಿ ಉಳಿದ ಹಣ ಹಳಸಿದ ಸಾರು,
ಇವತ್ತೇ ಬಡಿಸಿ ಮುಗಿಸಿ ಎಂದು ಮೇಲಿನಿಂದ ಫೋನು.
ಅದೇ ಶೀರ್ಷಿಕೆಯಡಿ ಕ್ಯಾಮೆರಾ ಕಂಬ.
ಹೊಸ ಗುತ್ತಿಗೆದಾರ, ಹೊಸ ಹುಡುಗರು, ರಾತ್ರಿ ಕೆಲಸ.
ಕಲ್ಲು ಕೀಳುವ ರಗಳೆ ಯಾರಿಗೆ ಬೇಕು?
ಇಡೀ ಸಾಲಿನಲ್ಲಿ ಬರಿನೆಲ ಇದ್ದದ್ದು ಒಂದೇ ಕಡೆ.

ಗುಂಡಿ: ಎರಡಡಿ, ಎರಡಡಿ, ಮೂರಡಿ ಆಳ.
ಅಳೆಯಲು ನಾನೇ ಹೋದೆ.
ಫ್ಲೆಕ್ಸು ಕಂಬದ ಬುಡಕ್ಕೆ ಸುತ್ತಿಕೊಂಡಿತ್ತು,
'ಸೌಲಭ್ಯವುಂಟು' ಎಂಬಷ್ಟೇ ಕಾಣುತ್ತಿತ್ತು.
ಮೇಲೆ ಕ್ಯಾಮೆರಾ ರೆಪ್ಪೆ ಮುಚ್ಚದೆ
ಹತ್ತು ಪಿಲ್ಲರಿನ ಕಲ್ಲು ಕಾಯುತ್ತಿದೆ.
ಕಲ್ಲುಗಳು ಸುರಕ್ಷಿತವಾಗಿವೆ.

ಮುದುಕಿ ಎಲ್ಲಿ ಹೋದಳೆಂದು ಹುಡುಗರನ್ನು ಕೇಳಿದೆ.
ಯಾವ ಮುದುಕಿ, ಅಂದರು.
ತಿಮ್ಮಭೋವಿಯ ಫೋನು ರಿಂಗಾಯಿತು, ಎತ್ತಲಿಲ್ಲ.
ಎತ್ತಿದರೆ ಏನು ಹೇಳಲಿ ಎಂದು
ನಾನೂ ಎರಡನೇ ಸಲ ಮಾಡಲಿಲ್ಲ.

ಈಗ ಟೇಪು ಸುತ್ತುವಾಗೆಲ್ಲ
ಆರಡಿಯ ಗುರುತಿನ ಹತ್ತಿರ ಅದು ಕಚ್ಚಿಕೊಳ್ಳುತ್ತದೆ.
ಒಳಗೆ ಮಣ್ಣು ಹೊಕ್ಕಿರಬೇಕು.